ಅತ್ತೆಯ ಕೈಯೂ ನನ್ನ ಎಡಗೆನ್ನೆಯೂ

ನಮ್ಮ ಕಡೆ ಪ್ರೀತಿ ಬಂದರೆ ಮುಖ ಮುಟ್ಟುತ್ತಾರೆ. ಬೇರೆ ಊರುಗಳಲ್ಲಿ ತಲೆ ಸವರುತ್ತಾರೋ ಬೆನ್ನು ತಟ್ಟುತ್ತಾರೋ ನನಗೆ ಗೊತ್ತಿಲ್ಲ. ಶಹಾಬಾದಿನಲ್ಲಿ ಒಬ್ಬ ಹಿರಿಯ ಹೆಂಗಸಿನ ಕಣ್ಣಿಗೆ ನೀವು ಚೆಂದ ಕಂಡಿರೋ, ಆಕೆ ಎರಡೂ ಕೈ ಚಾಚಿ ನಿಮ್ಮ ಕೆನ್ನೆಗಳನ್ನು ಮೇಲಿಂದ ಗದ್ದದ ತನಕ ಸವರಿ, ಆ ಬೆರಳುಗಳನ್ನು ಮಡಚಿ ತನ್ನ ಕಣತಲೆಗೆ ಒತ್ತಿ ಲಟಲಟ ಲಟಿಕೆ ಮುರಿಯುತ್ತಾಳೆ. ನಮ್ಮ ಮನೆಯಲ್ಲಿ ಅದಕ್ಕೆ ದೃಷ್ಟಿ ತೆಗೆಯುವುದು ಅನ್ನುತ್ತಿದ್ದೆವು, ಪಕ್ಕದ ಮನೆಯ ಖಾಲಾ ಬಲಾಯಿ ತಗೊಳ್ಳೋದು ಅನ್ನುತ್ತಿದ್ದರು. ಎರಡೂ ಒಂದೇ. ನಿಮ್ಮ ಮೇಲೆ ಬಿದ್ದ ಕೆಟ್ಟ ಕಣ್ಣು ಅವರ ಬೆರಳಿಗೆ ಹತ್ತಿ ಅಲ್ಲೇ ಮುರಿದುಹೋಗಬೇಕು. ಎಷ್ಟು ಲಟಿಕೆ ಬಿದ್ದವೋ ಅಷ್ಟು ದೃಷ್ಟಿ ಆಗಿತ್ತು ಅಂತ ಅರ್ಥ.

ಅಂಥ ಊರಿನಲ್ಲಿ, ಎಡಗೆನ್ನೆಗೆ ಸೆರಗಿನ ತುದಿ ತಾಗಿದರೂ ಜೀವ ಹೋಗುವಂಥ ಬೇನೆ ನನಗೆ ಗಂಟುಬಿತ್ತು. ಮೊಣಕಾಲು ಇರಲಿಲ್ಲವೇ? ಸೊಂಟ ಇರಲಿಲ್ಲವೇ? ಅತ್ತೆ ದಿನಾ ಮುಂಜಾನೆ ಮುಟ್ಟುತ್ತಿದ್ದ ಜಾಗವನ್ನೇ ಹುಡುಕಿ ಕೊಟ್ಟೆಯಲ್ಲ ಅಂತ ನಾನು ದೇವರ ಜೊತೆ ಎಷ್ಟೋ ಸಲ ಜಗಳವಾಡಿದ್ದೇನೆ.

ನಾನು ಚಿಂಚೋಳಿಯವಳು. ನನಗೆ ಎರಡು ವರ್ಷ ತುಂಬುವ ಮೊದಲೇ ತಾಯಿ ಹೋದಳು. ಅಪ್ಪ ತಹಸೀಲ್ ಕಚೇರಿಯ ಗುಮಾಸ್ತ. ಚಿನ್ನದಂಥ ಮನುಷ್ಯ, ಆದರೆ ಮಗಳಿಗೆ ಜಡೆ ಹಾಕಲು ಬಾರದೆ, ಓಣಿಯ ಕ್ಷೌರಿಕನನ್ನು ಕರೆಸಿ ನನ್ನ ಕೂದಲನ್ನು ಗಂಡುಹುಡುಗರಂತೆ ಗಿಡ್ಡ ಮಾಡಿಸಿದ ಪುಣ್ಯಾತ್ಮ. ಮುಖ ಮುಟ್ಟಿ ಮುದ್ದು ಮಾಡುವುದು ಅವರಿಗೆ ಎಲ್ಲಿಂದ ಬರಬೇಕು? ಹಾಗಾಗಿ, ಮದುವೆಯಾಗಿ ಶಹಾಬಾದಿಗೆ ಬಂದ ಮರುದಿನ ನಾನು ತಲೆಗೆ ಎರೆದುಕೊಂಡು ಬಚ್ಚಲಿನಿಂದ ಹೊರಗೆ ಬಂದಾಗ ಅತ್ತೆ ನನ್ನ ಕೆನ್ನೆ ಸವರಿ ಲಟಿಕೆ ಮುರಿದರಲ್ಲ, ನನಗೆ ಬುದ್ಧಿ ಬಂದ ಮೇಲೆ ಒಬ್ಬ ಹೆಂಗಸು ನನ್ನ ಮುಖ ಮುಟ್ಟಿದ್ದು ಅದೇ ಮೊದಲು. ಗಳಗಳ ಅತ್ತುಬಿಟ್ಟೆ. ಅತ್ತೆ ಗಾಬರಿಯಾದರು.

“ಯಾಕವ್ವ, ನನ್ನ ಕೈ ಚುಚ್ಚಿತೇನು?” ಅಂದರು.

“ಇಲ್ರೀ ಅತ್ತಿ,” ಅಂದೆ. ಆ ಪ್ರಶ್ನೆಯನ್ನು ನಾನು ಆಗಲೇ ನೆನಪಿಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳಲಿಲ್ಲ.

ಅವರ ಕೈ ಒರಟು, ಅದು ನಿಜ. ಮಾವ ತೀರಿಹೋದ ಮೇಲೆ ಅತ್ತೆ ಹದಿನೈದು ವರ್ಷ ಫರಸಿ ಕಾರ್ಖಾನೆಯಲ್ಲಿ ದುಡಿದವರು. ನಮ್ಮೂರಿನ ನೀಲಿ ಹಾಸುಗಲ್ಲಿಗೆ ಫರಸಿ ಅನ್ನುತ್ತೇವೆ. ಅದರ ಮೇಲೆ ಮರಳು ಚೆಲ್ಲಿ, ನೀರು ಹಾಕಿ, ಇನ್ನೊಂದು ಕಲ್ಲಿನಿಂದ ತಿಕ್ಕಿ ತಿಕ್ಕಿ ನುಣುಪು ಮಾಡುವ ಕೆಲಸ. ಕಲ್ಲು ನುಣುಪಾಯಿತು, ಅವರ ಬೆರಳ ಗೆರೆಗಳು ಸವೆದವು. ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಿದರೆ ಬರೀ ಕಪ್ಪು ಚುಕ್ಕೆ. “ಏನಮ್ಮಾ, ಹೆಬ್ಬೆಟ್ಟು ಅಳಿಸಿಕೊಂಡು ಬಂದೀದಿ?” ಅಂತ ಆಫೀಸಿನವನು ನಕ್ಕಾಗ ಅತ್ತೆ, “ಗೆರಿ ಎಲ್ಲಾ ನಿಮ್ಮ ಆಫೀಸಿನ ಫರಸಿಗೇ ಬಿಟ್ಟು ಬಂದೀನ್ರೀ ಸಾಹೇಬ್ರ, ಬಗ್ಗಿ ನೋಡಕೋರಿ,” ಅಂದಿದ್ದರಂತೆ. ಆ ಮನುಷ್ಯ ನಿಜವಾಗಿಯೂ ಬಗ್ಗಿ ನೆಲ ನೋಡಿದನಂತೆ.

ನಾನು ಊರಿನ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು. ನಮ್ಮ ಮನೆಯವರಿಗೆ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸ. ಮುಂಜಾನೆ ನಾನು ಗಂಜಿ ಹಾಕಿದ ಸೀರೆ ಉಟ್ಟು ಹೊಸ್ತಿಲು ದಾಟುವಾಗ ಅತ್ತೆ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬಂದು ದೃಷ್ಟಿ ತೆಗೆಯುವುದು ದಿನದ ಪದ್ಧತಿ. ಒಮ್ಮೊಮ್ಮೆ ಜೋಳದ ಹಿಟ್ಟಿನ ಬಿಳಿ ಗೆರೆ ನನ್ನ ಕೆನ್ನೆಯ ಮೇಲೆ ಉಳಿದು, ಮಕ್ಕಳು ಕಿಸಿಕಿಸಿ ನಗುತ್ತಿದ್ದರು. ನಾನು ಒರೆಸಿಕೊಳ್ಳುತ್ತಿರಲಿಲ್ಲ.

ಮಗಳು ಹುಟ್ಟಿದ ಮರುವರ್ಷ ಬೇಸಿಗೆಯಲ್ಲಿ ನನ್ನ ಬಲಗಣ್ಣು ಮಂಜಾಯಿತು, ಎಣ್ಣೆ ಕಾಗದದ ಹಿಂದಿನಿಂದ ನೋಡಿದ ಹಾಗೆ. ಒಂದು ತಿಂಗಳಿದ್ದು ತಾನಾಗಿಯೇ ತಿಳಿಯಾಯಿತು. ಆಮೇಲೆ ಪಾದಗಳಲ್ಲಿ ಜುಮು ಜುಮು. ಬಾಣಂತಿ ನಿಶ್ಶಕ್ತಿ ಅಂದರು ಎಲ್ಲರೂ. ಅತ್ತೆ ಅಂಟಿನುಂಡೆ ಕಟ್ಟಿ ತಿನ್ನಿಸಿದರು. ನಾನು ದಪ್ಪಗಾದೆ, ಜುಮು ಜುಮು ಹೋಗಲಿಲ್ಲ.

ಶಾಲೆಯ ಬೋರ್ಡಿನ ಮೇಲಿದ್ದ ಮೈಸೂರು ರಾಜ್ಯ ಅಳಿಸಿ ಕರ್ನಾಟಕ ಅಂತ ಬರೆಸಿದ ಮೇಲೆ ಬಂದ ಆಗಸ್ಟ್ ಹದಿನೈದು ಅದು. ಧ್ವಜ ಏರಿಸುವ ದಿನ ಅಂತ ಬಿಳಿ ಸೀರೆ ಉಟ್ಟು ಹೊರಟಿದ್ದೆ. ಕಟ್ಟೆಯ ಮೇಲೆ ಖಾಲಾ, ಓಣಿಯ ಇನ್ನೂ ನಾಲ್ಕು ಹೆಂಗಸರು ಕೂತಿದ್ದರು. ಅತ್ತೆಗೆ ಹೆಮ್ಮೆ ತಡೆಯಲಾಗಲಿಲ್ಲ. “ನಮ್ಮ ಅಕ್ಕೋರ್ನ ನೋಡ್ರಿ,” ಅನ್ನುತ್ತಾ ಎಲ್ಲರೆದುರಿಗೆ ಎರಡೂ ಕೈ ನನ್ನ ಕೆನ್ನೆಗೆ ತಂದರು.

ಎಡಗೆನ್ನೆಗೆ ಅವರ ಬೆರಳು ತಾಗಿದ್ದೇ ತಡ, ಕಿವಿಯ ಬುಡದಿಂದ ದವಡೆಯ ತನಕ ಕರೆಂಟು ಹೊಡೆಯಿತು. ಕರೆಂಟು ಅಂದರೆ ಕರೆಂಟೇ. ನೋವು ಅನ್ನುವ ಮಾತು ಅದಕ್ಕೆ ಸಾಲದು. ನಾನು ಅವರ ಕೈಯನ್ನು ತಳ್ಳಿ ಎರಡು ಹೆಜ್ಜೆ ಹಿಂದೆ ಹಾರಿದೆ. “ಏನಾತವ್ವ?” ಅಂತ ಅವರು ಮುಂದೆ ಬಂದರು. ಬಾಯಿ ತೆರೆಯಲಾಗಲಿಲ್ಲ. ಹೋಗಿರಿ, ದೂರ ಹೋಗಿರಿ ಅಂತ ಕೈ ಬೀಸಿದೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ನೋವು ಬಂದ ಹಾಗೆಯೇ ಹೋಯಿತು. ಕಣ್ಣೊರೆಸಿಕೊಂಡು ನೋಡಿದರೆ ಕಟ್ಟೆಯ ಹೆಂಗಸರ ಕಣ್ಣೆಲ್ಲ ಅತ್ತೆಯ ಮೇಲಿದ್ದವು. ಅತ್ತೆ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದರು.

“ಹಲ್ಲು ನೋವು ಅತ್ತಿ,” ಅಂದೆ. ಹಾಗಂತಲೇ ನಂಬಿದ್ದೆ ನಾನೂ.

ಮುಂದಿನ ತಿಂಗಳುಗಳಲ್ಲಿ ನನ್ನ ಎಡಗೆನ್ನೆ ಮನೆಗೆ ಯಜಮಾನಿಯಾಯಿತು. ಮುಖ ತೊಳೆಯಬೇಕಾದರೆ ಅದರ ಅಪ್ಪಣೆ ಬೇಕು. ಗಾಳಿ ಬೀಸಿದರೆ ಅದಕ್ಕೆ ಸಿಟ್ಟು. ರೊಟ್ಟಿ ಅಗಿದರೆ ಸಿಟ್ಟು, ಅದೂ ನಮ್ಮ ಸೀಮೆಯ ಒಣಗಿಸಿ ಗಟ್ಟಿಯಾದ ಕಟಿ ರೊಟ್ಟಿ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಗಾದೆಯನ್ನು ನಾನು ದಿನಕ್ಕೆರಡು ಸಲ ಅನುಭವಿಸಿದೆ. ಮಾತಾಡಿದರೂ ಹೊಡೆಯುತ್ತಿತ್ತು. ಅಕ್ಕೋರು ಮಾತಾಡದೆ ಪಾಠ ಮಾಡುವುದು ಹೇಗೆ? ಸೆರಗಿನಿಂದ ಕೆನ್ನೆ ಮುಚ್ಚಿ, ಬೋರ್ಡಿನ ಮೇಲೆ ಬರೆದು ಬರೆದೇ ಮೂರನೇ ಇಯತ್ತೆಗೆ ಮಗ್ಗಿ ಕಲಿಸಿದೆ. ಅಕ್ಕೋರು ಕೆನ್ನೆಗೆ ಸೆರಗು ಹಿಡಿದ ದಿನ ಗದ್ದಲ ಮಾಡಬಾರದು ಅಂತ ಮಕ್ಕಳೇ ತಮ್ಮೊಳಗೆ ಕಾಯಿದೆ ಮಾಡಿಕೊಂಡಿದ್ದವು. ಇನ್ಸ್‌ಪೆಕ್ಟರು ಬಂದವರು, “ನಿಮ್ಮ ಕ್ಲಾಸು ಭಾಳ ಶಿಸ್ತು,” ಅಂತ ಬರೆದು ಹೋದರು. ನಮ್ಮ ಮನೆಯವರು ಅದನ್ನು ಕೇಳಿ, “ಮಾತು ಬೆಳ್ಳಿ, ಮೌನ ಬಂಗಾರ. ನಮ್ಮನಿಯೊಳಗ ಈಗ ಬಂಗಾರದ ಸುಗ್ಗಿ,” ಅಂದರು. ಹೊಡೆಯೋಣವೆಂದರೆ ನಗು ಬಂತು, ನಕ್ಕರೆ ಕೆನ್ನೆ ಹೊಡೆಯಿತು.

ಬೇನೆ ಸದಾ ಇರುತ್ತಿರಲಿಲ್ಲ. ವಾರಗಟ್ಟಲೆ ಸುಳಿವೇ ಇಲ್ಲದೆ ಹೋಗಿ, ಒಂದು ದಿನ ದಿಢೀರನೆ ಹಾಜರಾಗುತ್ತಿತ್ತು. ಅದೇ ಕೆಟ್ಟದಾಯಿತು. ಒಂದು ದಿನ ಮುಟ್ಟಿಸಿಕೊಂಡು ನಗುವ ಸೊಸೆ ಮರುದಿನ ಕೈ ತಳ್ಳಿದರೆ ಯಾರು ತಾನೇ ನಂಬುತ್ತಾರೆ? ಕೆನ್ನೆ ಬಾತಿರಲಿಲ್ಲ, ಕೆಂಪಾಗಿರಲಿಲ್ಲ, ಜ್ವರ ಇರಲಿಲ್ಲ. ಕೊನೆಗೆ ಪ್ಯಾಟೆಯ ಹಲ್ಲಿನವರ ಹತ್ತಿರ ಹೋಗಿ ಎಡಗಡೆಯ ಎರಡು ದವಡೆ ಹಲ್ಲು ಕೀಳಿಸಿಕೊಂಡು ಬಂದೆ. ಆಮೇಲೆ ನೋಡಿದರೆ ಹುಳುಕಿನ ಚುಕ್ಕೆಯೂ ಇಲ್ಲದ ಹಲ್ಲುಗಳು. ಕಾಗದದಲ್ಲಿ ಕಟ್ಟಿ ಕೊಟ್ಟಿದ್ದರು.

ಗಾಯ ಮಾಯಲೆಂದು ಹದಿನೈದು ದಿನ ಅತ್ತೆ ನನ್ನನ್ನು ಮುಟ್ಟಲಿಲ್ಲ. ಹಾಲಲ್ಲಿ ರೊಟ್ಟಿ ನೆನೆಸಿ, ಕಿವುಚಿ, ಬೆಲ್ಲ ಹಾಕಿ ಮಗಳಿಗೂ ನನಗೂ ಒಂದೇ ಬಟ್ಟಲಲ್ಲಿ ಕೊಟ್ಟರು. ಹದಿನಾರನೇ ದಿನ ನಾನು ಶಾಲೆಗೆ ಹೊರಟಾಗ ಹೊಸ್ತಿಲಲ್ಲಿ ಬಂದು ನಿಂತರು. ಮುಖದಲ್ಲಿ ಎಂಥ ಆಸೆ! ಮೆಲ್ಲಗೆ, ಬಹಳ ಮೆಲ್ಲಗೆ, ಬೆರಳ ತುದಿ ತಂದರು. ಮೆಲ್ಲಗೆ ಮುಟ್ಟಿದರೇ ಆ ಬೇನೆಗೆ ಹೆಚ್ಚು ಸಿಟ್ಟು ಅಂತ ಅವರಿಗೇನು ಗೊತ್ತು?

ನಾನು ಚೀರಿ ಹಿಂದೆ ಸರಿದೆ.

“ಹಲ್ಲ ಕೀಳಿಸಿ ಬಂದೀದಿ,” ಅಂದರು ಅತ್ತೆ. “ಹಲ್ಲೇ ಇಲ್ಲ, ಇನ್ನ ಹಲ್ಲ ನೋವು ಎಲ್ಲಿಂದ ಬಂತವ್ವ?”

ಎರಡು ಹಲ್ಲು ಹೋಗಿ ಬೇನೆ ಉಳಿದಿತ್ತು. ಆ ಹತಾಶೆಗೆ, ಆ ಹೆದರಿಕೆಗೆ ನನ್ನ ಸುಡುಗಾಡು ಸಿಟ್ಟು ಸೇರಿ, “ಮುಟ್ಟಬ್ಯಾಡ್ರಿ ಅಂದೀನಿಲ್ಲ! ಎಷ್ಟ ಸಲ ಹೇಳಬೇಕು ನಿಮಗ?” ಅಂತ ಕೂಗಿದೆ. ಕೂಗಿದ್ದಕ್ಕೇ ಇನ್ನೊಂದು ಹೊಡೆತ ಬಂತು. ಕ್ಷಮಿಸಿ ಅನ್ನಬೇಕಾದ ಬಾಯಿ ಮುಚ್ಚಿಕೊಂಡು ಗೋಡೆ ಹಿಡಿದು ನಿಂತೆ. ಅತ್ತೆ ಒಳಗೆ ಹೋದರು. ಮರುದಿನ ಚೀಲದಲ್ಲಿ ಎರಡು ಸೀರೆ ಇಟ್ಟುಕೊಂಡು, ಸೇಡಂ ತಾಲ್ಲೂಕಿನ ಮುಧೋಳದಲ್ಲಿರುವ ಮಗಳ ಮನೆಗೆ ಹೊರಟುಹೋದರು. “ನಾಕ ದಿನ ಇದ್ದು ಬರ್ತೀನಿ,” ಅಂದವರು ನಾಲ್ಕು ತಿಂಗಳಾದರೂ ಬರಲಿಲ್ಲ. ನಮ್ಮ ಮನೆಯವರು ಎರಡು ಸಲ ಕರೆಯಲು ಹೋಗಿ ಬರಿಗೈಯಲ್ಲಿ ಬಂದರು.

ನಿಜ ಗೊತ್ತಾದದ್ದು ಖಾಲಾನಿಂದ. ಒಂದು ದಿನ ಅವರು ಮಗಳಿಗೆ ಶೀರಖುರ್ಮಾ ತಂದವರು, ನನ್ನ ಪಕ್ಕ ಕೂತು ಹೊಟ್ಟೆಯಲ್ಲಿದ್ದದ್ದನ್ನು ಹೊರಗೆ ಹಾಕಿಬಿಟ್ಟರು.

“ಬೇಟಿ, ನಿನಗ ಹೇಳಬಾರ್ದು ಅಂತ ನಿಮ್ಮತ್ತಿ ಆಣಿ ಹಾಕ್ಯಾರ. ಹೇಳೇ ಬಿಡ್ತೀನಿ. ದಿನಾ ಮಧ್ಯಾಹ್ನ ನೀ ಸಾಲಿಗಿ ಹೋದ ಮ್ಯಾಲ ನಮ್ಮನಿಗಿ ಬರ್ತಿದ್ರು. ಅಂಗೈಗಿ ಕುಸುಬಿ ಎಣ್ಣಿ ಹಚ್ಚಿಕೊಂಡು, ಹುಣಸಿಹಣ್ಣು ಹಾಕಿ ತಿಕ್ಕೋತ ಕುಂದರ್ತಿದ್ರು. ‘ಆಪಾ, ಸೊಸಿ ಕಲತಾಕಿ. ಆಕಿ ಕೆನ್ನಿ ನುಣ್ಣಗ ಅದ. ನನ್ನ ಕೈ ಆಕಿಗಿ ಹೇಸಿಕಿ ಆಗ್ಯಾದ. ಸ್ವಲ್ಪ ಮೆತ್ತಗಾದ್ರ ಮುಟ್ಟಸಕೋತಾಳೇನೋ,’ ಅಂತಿದ್ರು.”

ಮೂರು ತಿಂಗಳು ಆ ಹೆಂಗಸು ತನ್ನ ಕೈಗಳ ಮೇಲೆ ತಪ್ಪು ಹೊರಿಸಿ ತಿಕ್ಕಿಕೊಂಡಿದ್ದಾಳೆ. ಯಾವ ಕೈ? ನನಗೆ ತಾಯಿಯಾದ ಕೈ. ಇದನ್ನು ಸರಿಮಾಡದೆ ನಾನು ಸತ್ತರೆ ನನ್ನ ಹೆಣಕ್ಕೂ ನೆಮ್ಮದಿ ಇರುವುದಿಲ್ಲ ಅನ್ನಿಸಿತು. ಆದರೆ ಹೋಗಿ ಏನು ಹೇಳಲಿ? ಹಲ್ಲೂ ಅಲ್ಲ, ಬಾವೂ ಅಲ್ಲ, ಗಾಳಿಯೂ ಅಲ್ಲದ ಬೇನೆಗೆ ಹೆಸರೇ ಇರಲಿಲ್ಲ.

ಅಷ್ಟರಲ್ಲಿ ಕಾಲುಗಳು ಕೈಕೊಟ್ಟವು. ನಡೆಯುವಾಗ ಕುಡಿದವರಂತೆ ವಾಲತೊಡಗಿದೆ. ರೈಲ್ವೆ ಡಾಕ್ಟರು ನೋಡಿ, ತಡ ಮಾಡದೆ ಹೈದರಾಬಾದಿಗೆ ಹೋಗಿರಿ ಅಂದರು. ಅಲ್ಲಿ ದೊಡ್ಡಾಸ್ಪತ್ರೆಯಲ್ಲಿ ಬಿಳಿಗೂದಲಿನ ಡಾಕ್ಟರೊಬ್ಬರು ನನ್ನ ಅಂಗಾಲು ಗೀರಿದರು, ಕಣ್ಣು ನೋಡಿದರು, ಬೆನ್ನಿನಿಂದ ನೀರು ತೆಗೆಸಿದರು. ನಾಲ್ಕೈದು ವರ್ಷದ ಹಿಂದೆ ಮಂಜಾಗಿದ್ದ ಬಲಗಣ್ಣಿನ ಬಗ್ಗೆ ಅವರಾಗಿಯೇ ಕೇಳಿದಾಗ ನಾನು ಬೆಚ್ಚಿಬಿದ್ದೆ. ಕಣ್ಣಿಗೂ ಕಾಲಿಗೂ ಕೆನ್ನೆಗೂ ಏನು ಸಂಬಂಧ? ಇದೆಯಮ್ಮಾ, ಎಲ್ಲಾ ಒಂದೇ ಬೇನೆ ಅಂದರು. ಮಲ್ಟಿಪಲ್ ಸ್ಕ್ಲೆರೋಸಿಸ್. ಮಿದುಳಿನ ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆಯುತ್ತದೆ, ರಬ್ಬರು ಕಿತ್ತುಹೋದ ಕರೆಂಟಿನ ವೈರಿನಂತೆ. ಮುಖದ ನರ ಸವೆದ ಜಾಗದಲ್ಲಿ, ಒಂದು ಬೆರಳು ತಾಗಿದರೂ ಕರೆಂಟು ಹೊಡೆದಂತಾಗುತ್ತದೆ. ಬೇರು ಸಮೇತ ಕೀಳುವ ಔಷಧ ಇಲ್ಲ. ಕೆನ್ನೆಯ ಹೊಡೆತ ಕಡಿಮೆ ಮಾಡುವ ಗುಳಿಗೆ ಇದೆ. ತಲೆ ತಿರುಗುತ್ತದೆ, ತಡೆದುಕೊಳ್ಳಬೇಕು.

ನಮ್ಮ ಮನೆಯವರ ಮುಖ ಬೆಳ್ಳಗಾಯಿತು. ನನಗೆ, ನಿಜ ಹೇಳುತ್ತೇನೆ, ಮೊದಲು ಬಂದದ್ದು ಅಳುವಲ್ಲ. ಹೆಸರು ಸಿಕ್ಕಿತಲ್ಲ ಅನ್ನುವ ಸಮಾಧಾನ. ಈಗ ಮುಧೋಳಕ್ಕೆ ಹೋಗಬಹುದು.

ಹೈದರಾಬಾದಿನಿಂದ ವಾಡಿಗೆ ಬರುವ ಗಾಡಿ ಸೇಡಂ ಮೇಲೆಯೇ ಬರುತ್ತದೆ. ಸೇಡಂ ಬರುತ್ತಲೂ ನಾನು ಎದ್ದು ನಿಂತೆ.

“ಎಲ್ಲಿಗಿ?” ಅಂದರು ಮನೆಯವರು.

“ಅತ್ತಿನ್ನ ಕರ್ಕೊಂಡು ಬರೂಣು.”

“ಹುಚ್ಚೇನು ನಿನಗ? ನಿಂದರ್ಲಿಕ್ಕೇ ಆಗವಲ್ದು. ಮೊದಲ ಮನಿಗಿ ಹೋಗೂಣು, ಮಗಳು ಖಾಲಾನ ಹತ್ರ ದಾರಿ ನೋಡ್ಲಿಕತ್ತಾಳ.”

“ಅಜ್ಜಿ ಇಲ್ದ ಹೋದ್ರ ಆಕಿ ನನ್ನ ಒಳಗ ಬಿಡಂಗಿಲ್ಲ. ನೀವು ಇಳೀತೀರೋ, ನಾ ಒಬ್ಬಾಕಿನೇ ಇಳೀಲೋ?” ಅಂದೆ. ಇಳಿದರು. ಪಾಪ, ನನ್ನ ಕಟ್ಟಿಕೊಂಡ ಮೇಲೆ ಅವರು ಇಂಥವು ಎಷ್ಟು ಕಂಡಿದ್ದಾರೋ.

ಮಾರ್ಚಿ ತಿಂಗಳ ಬಿಸಿಲು. ಬಿಸಿಲೇರಿದರೆ ಈ ಬೇನೆಯವರ ಕೈಕಾಲು ಇನ್ನಷ್ಟು ಸೋಲುತ್ತವೆ ಅಂತ ಆಮೇಲೆ ಗೊತ್ತಾಯಿತು. ಮುಧೋಳದಲ್ಲಿ ಬಸ್ಸಿಳಿದು, ಮನೆಯವರ ತೋಳು ಹಿಡಿದು, ಕಡಲೆ ಒಕ್ಕುವ ಕಣಗಳ ಪಕ್ಕದ ಹಾದಿಯಲ್ಲಿ ವಾಲುತ್ತಾ ನಡೆದೆ. ನಾದಿನಿಯ ಅಂಗಳದಲ್ಲಿ ಅತ್ತೆ ಬೇಳೆ ಕೇರುತ್ತಿದ್ದರು. ನನ್ನನ್ನು ನೋಡಿ ಮೊರ ಕೆಳಗಿಟ್ಟರು. ಏಳಲಿಲ್ಲ. ಅವರ ಕಣ್ಣು ನನ್ನ ಮುಖಕ್ಕೆ ಬಂದದ್ದು ಹಾಗೇ ಕೆಳಗೆ ಇಳಿದು ಕಾಲಿನ ಹತ್ತಿರ ನಿಂತಿತು.

“ನಿನ್ನ ಒಂದ ಚಪ್ಲಿ ಎಲ್ಲೆವ್ವ?” ಅಂದರು.

ನೋಡಿದೆ. ಎಡಗಾಲಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲಿ ಜಾರಿ ಬಿದ್ದಿತ್ತೋ ನನಗೆ ತಿಳಿದೇ ಇರಲಿಲ್ಲ. ಹಿಮ್ಮಡಿಯಲ್ಲಿ ಜಾಲಿ ಮುಳ್ಳು ಮುರಿದು, ಅಂಗಳದ ತನಕ ರಕ್ತದ ಗುರುತು ಬಂದಿತ್ತು.

“ಮುಳ್ಳು ನಟ್ಟಿದ್ದು ತಿಳೀಲಿಲ್ಲೇನು ನಿನಗ?”

“ಇಲ್ರೀ ಅತ್ತಿ. ಕಾಲಿಗಿ ತಿಳೀಬೇಕಾದ್ದು ತಿಳ್ಯಂಗಿಲ್ಲ, ಕೆನ್ನಿಗಿ ಮಾತ್ರ ಇಲ್ಲದ್ದೂ ತಿಳೀತದ,” ಅಂದೆ. ಅಂದು ಅಲ್ಲೇ ಅಂಗಳದಲ್ಲಿ ಕುಸಿದು ಕೂತು, ವೈರು, ರಬ್ಬರು, ಕರೆಂಟು, ಡಾಕ್ಟರು ಹೇಳಿದ್ದೆಲ್ಲ ಹೇಳಿದೆ. ಮಧ್ಯದಲ್ಲಿ ಎರಡು ಸಲ ಕೆನ್ನೆ ಹೊಡೆಯಿತು. ಎರಡು ಸಲವೂ ಬಾಯಿ ಮುಚ್ಚಿಕೊಂಡು ತಡೆದು, ಮತ್ತೆ ಶುರು ಮಾಡಿದೆ. “ನಿಮ್ಮ ಕೈ ನನಗ ಎಂದೂ ಚುಚ್ಚಿಲ್ಲ ಅತ್ತಿ. ನನಗ ಆ ಕೈ ಬೇಕು. ಈಗ ಮುಟ್ಟಿಸ್ಕೊಳ್ಳಲಿಕ್ಕ ಆಗವಲ್ದು, ಅಷ್ಟೇ. ಕೂಗ್ಯಾಡಿದ್ದು ನನ್ನ ತಪ್ಪು.”

ಅತ್ತೆ ಮೊರ ಪಕ್ಕಕ್ಕೆ ಸರಿಸಿ ಹತ್ತಿರ ಬಂದರು. ನನ್ನ ಪಾದ ತೊಡೆಯ ಮೇಲಿಟ್ಟುಕೊಂಡು ಪಿನ್ನಿನಿಂದ ಮುಳ್ಳು ತೆಗೆದರು. ತೆಗೆದ ಮೇಲೆ, ಅಂಗಳಕ್ಕೆ ಹಾಸಿದ್ದ ಫರಸಿಯನ್ನು ಬೆರಳ ಗಂಟಿನಿಂದ ಎರಡು ಸಲ ಬಡಿದರು.

“ಕಾರ್ಖಾನಿಯೊಳಗ ಮೊದಲ ಇದನ್ನೇ ಕಲಸ್ತಾರ,” ಅಂದರು. “ಫರಸಿ ಮ್ಯಾಲ ನುಣ್ಣಗ ಇರ್ತದ, ಒಳಗ ಸೀಳಿರ್ತದ. ಕಣ್ಣಿಗಿ ಕಾಣಂಗಿಲ್ಲ. ಬಡದು ಕೇಳಬೇಕು. ಗಟ್ಟಿದು ಠಣ್ ಅಂತದ, ಸೀಳಿದ್ದು ಬದ್ ಅಂತದ. ಹದಿನೈದು ವರ್ಷ ಊರ ಮಂದಿ ಕಲ್ಲೆಲ್ಲಾ ಬಡದು ಕೇಳೀನಿ. ಮನ್ಯಾಗಿನ ಸೊಸಿಗಿ ಏನಾಗ್ಯಾದವ್ವ ಅಂತ ಕೇಳ್ಲಿಲ್ಲ ನೋಡು. ನನ್ನ ಕೈನೇ ನೋಡಕೋತ ಕುಂತೆ.” ಮೂಗು ಒರೆಸಿಕೊಂಡರು. ಆಮೇಲೆ ಸಿಟ್ಟು ಬಂತು. “ನೀ ಆದ್ರೂ ಹೇಳಬಾರ್ದೇನ? ಇನ್ನ ಮ್ಯಾಲ ನನ್ನ ಮುಂದ ಏನೂ ಮುಚ್ಚಿಡಂಗಿಲ್ಲ. ನೋವಾದ್ರ ನೋವು, ಇಲ್ಲಂದ್ರ ಇಲ್ಲ. ಮಾತು ಕೊಡು.”

ಮಾತು ಕೊಟ್ಟೆ. ಸಂಜೆಯ ಗಾಡಿಗೆ ಮೂವರೂ ಹೊರಟೆವು. ಚಿತ್ತಾಪುರ ಸ್ಟೇಷನ್ನಿನಲ್ಲಿ ಮನೆಯವರು ಕಡಲೆ ತಂದುಕೊಟ್ಟಾಗ ಅತ್ತೆ ನನ್ನ ಬಾಯಿ ನೋಡಿ, “ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ,” ಅಂದರು. ನಾಲ್ಕು ತಿಂಗಳ ಮೇಲೆ ನಾವು ಮೂವರೂ ಒಟ್ಟಿಗೆ ನಕ್ಕದ್ದು ಆಗಲೇ.

ಆಮೇಲಿನ ವರ್ಷಗಳು ಕಷ್ಟದವು, ಆದರೆ ಒಬ್ಬಳೇ ಅನುಭವಿಸಿದ ಕಷ್ಟವಲ್ಲ. ಗುಳಿಗೆಯಿಂದ ಹೊಡೆತ ಅರ್ಧ ಇಳಿಯಿತು, ತಲೆ ಎರಡರಷ್ಟು ತಿರುಗಿತು. ನಾನು ಗೋಡೆ ಹಿಡಿದು ನಡೆಯುವುದನ್ನು ಕಂಡು ಅತ್ತೆ ಮನೆಯ ಗೋಡೆಗೆ ಸೊಂಟದೆತ್ತರಕ್ಕೆ ಕೈಯಾಡಿಸಿ, ಎಲ್ಲೆಲ್ಲಿ ಮೊಳೆ ಇತ್ತೋ ಅವೆಲ್ಲವನ್ನೂ ಕೀಳಿಸಿದರು. ಬೇಸಿಗೆಯಲ್ಲಿ ಮನೆಯವರು ಒದ್ದೆ ಚಾದರ ಹಿಂಡಿ ಹೊದಿಸುತ್ತಿದ್ದರು. ಅಜ್ಜಿಯೇ ಕಲಿಸಿದರೋ ಏನೋ, ಮಗಳು ಮುದ್ದು ಬಂದಾಗ ನನ್ನ ಕೆನ್ನೆ ಬಿಟ್ಟು ಮೊಣಕೈಗೆ ಮುತ್ತು ಕೊಡುತ್ತಿದ್ದಳು.

ದೃಷ್ಟಿ ಮಾತ್ರ ಅತ್ತೆ ಬಿಡಲಿಲ್ಲ. ದಿನಾ ಮುಂಜಾನೆ ಹೊಸ್ತಿಲಲ್ಲಿ ನಿಂತು, ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ, ಗಾಳಿಯಲ್ಲೇ ಎರಡೂ ಕೈ ಮೇಲಿಂದ ಕೆಳಗೆ ಇಳಿಸಿ ಕಣತಲೆಗೆ ಒತ್ತಿಕೊಳ್ಳುತ್ತಿದ್ದರು. ಬೆರಳು ಮುರಿಯುತ್ತಿರಲಿಲ್ಲ. ಒಂದು ಲಟಿಕೆಯೂ ಬೀಳುತ್ತಿರಲಿಲ್ಲ. “ಮುಟ್ಟಲಾರದ ದೃಷ್ಟಿ ಬೆರಳಿಗಿ ಹತ್ತವಲ್ದು,” ಅಂತ ಖಾಲಾನ ಮುಂದೆ ದೂರುತ್ತಿದ್ದರು. ಖಾಲಾ, “ಅಲ್ಲಾ ನೋಡ್ತಾನ, ನೀವು ತಗೋರಿ,” ಅನ್ನುತ್ತಿದ್ದರು. ನಾನು ಆ ಗೇಣಿನ ಆಚೆ ನಿಂತು ಅವರ ಕೈಗಳನ್ನೇ ನೋಡುತ್ತಿದ್ದೆ. ಎಷ್ಟೋ ಸಲ, ಬಂದರೆ ಬರಲಿ ಬೇನೆ, ಮುಖವನ್ನು ಆ ಕೈಗಳಿಗೆ ಒಡ್ಡಿಬಿಡೋಣ ಅನ್ನಿಸಿತ್ತು. ಧೈರ್ಯ ಬರಲಿಲ್ಲ.

ಏಳೆಂಟು ವರ್ಷ ಹೀಗೇ ಹೋದ ಮೇಲೆ ಗುಳಿಗೆ ಸೋತಿತು. ನೀರು ಕುಡಿದರೂ ಹೊಡೆತ. ಒಂದು ತಿಂಗಳಲ್ಲಿ ರವಿಕೆಗಳೆಲ್ಲ ಜೋಲಾದವು. ಮತ್ತೆ ಹೈದರಾಬಾದು. ಕೆನ್ನೆಯ ನರದ ಬುಡಕ್ಕೆ ಒಂದು ಸೂಜಿ ಹಾಕಿ ಅದನ್ನು ಸುಮ್ಮನಾಗಿಸುತ್ತೇವೆ ಅಂದರು ಡಾಕ್ಟರು. ನೋವು ಹೋಗುತ್ತದೆ, ಆದರೆ ಅದರ ಜೊತೆಗೆ ಆ ಕೆನ್ನೆಯ ಸ್ಪರ್ಶವೂ ಹೋಗುತ್ತದೆ. ವರ್ಷವೋ ಎರಡು ವರ್ಷವೋ, ಅದು ತಿರುಗಿ ಬಂದರೆ ನೋವೂ ಬರಬಹುದು. ಯೋಚನೆ ಮಾಡಿರಿ ಅಂದರು. ಯೋಚಿಸಲು ನನ್ನಲ್ಲಿ ತ್ರಾಣ ಇರಲಿಲ್ಲ. ಹಾಕಿರಿ ಅಂದೆ. ಸೂಜಿ ಹೋಗುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ: ಅತ್ತೆ ಈಗ ಮುಟ್ಟಬಹುದು. ನನಗೆ ಗೊತ್ತಾಗುವುದಿಲ್ಲ.

ಮುಖದ ಅರ್ಧ ಬೇರೆ ಯಾರದೋ ಆಯಿತು. ಗಾಡಿಯಲ್ಲಿ ಚಹಾ ಕುಡಿದರೆ ಎಡತುಟಿಯಿಂದ ಸೋರಿ ಸೀರೆಯ ಮೇಲೆ ಬಿತ್ತು. “ಅಕ್ಕೋರ, ಕಪ್ಪಿಗಿ ತೂತಿಲ್ಲ, ನೋಡೀನಿ,” ಅಂದರು ಮನೆಯವರು. ಕಿಟಕಿಯ ಗಾಳಿ ರಪರಪ ಮುಖಕ್ಕೆ ಬಡಿಯುತ್ತಿತ್ತು, ವರ್ಷಗಳ ಮೇಲೆ ಮೊದಲ ಸಲ ನಾನು ಸೆರಗು ಮುಚ್ಚಿಕೊಂಡಿರಲಿಲ್ಲ.

ಮನೆ ಮುಟ್ಟಿದಾಗ ಅತ್ತೆ ಹೊಸ್ತಿಲಲ್ಲೇ ನಿಂತಿದ್ದರು. ಹಳೆಯ ರೂಢಿಯಂತೆ ಒಂದು ಗೇಣು ದೂರದಲ್ಲಿ ಕೈ ಎತ್ತಿದರು. ನಾನು ಗೋಡೆ ಬಿಟ್ಟು, ಅವರ ಎರಡೂ ಕೈ ಹಿಡಿದು ನನ್ನ ಕೆನ್ನೆಗಳ ಮೇಲಿಟ್ಟುಕೊಂಡೆ. ಅವರು ಹೆದರಿ ಕೈ ಎಳೆದುಕೊಳ್ಳಲು ನೋಡಿದರು, ನಾನು ಬಿಡಲಿಲ್ಲ.

“ಬ್ಯಾನಿ ಆಗವಲ್ದೇನವ್ವ?”

“ಇಲ್ಲ ಅತ್ತಿ. ತೆಗೀರಿ ದೃಷ್ಟಿ.”

ಮೆಲ್ಲಗೆ, ಮೇ‌ಲಿಂದ ಗದ್ದದ ತನಕ ಸವರಿದರು. ಬಲಗೆನ್ನೆಯ ಮೇಲೆ ಅವರ ಎಡಗೈ ಬಂತು. ಅದೇ ಒರಟು, ಅದೇ ಜೋಳದ ಹಿಟ್ಟಿನ ವಾಸನೆ. ಎಡಗೆನ್ನೆಯ ಮೇಲೆ ಅವರ ಬಲಗೈ ಇಳಿಯುತ್ತಿರುವುದನ್ನು ಕಣ್ಣಂಚಿನಿಂದ ನೋಡಿದೆ. ಏನೂ ಗೊತ್ತಾಗಲಿಲ್ಲ. ಅತ್ತೆಯ ಕಣ್ಣಲ್ಲಿ ನೀರು ತುಂಬಿ ಹರಿಯುತ್ತಿತ್ತು.

“ಕೈ ಒರಟು ಹತ್ತಿತೇನವ್ವ?” ಅಂದರು.

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಮುಧೋಳದ ಅಂಗಳದಲ್ಲಿ ಮಾತು ಕೊಟ್ಟಿದ್ದೆನಲ್ಲ.

“ಬಲಕ್ಕ ಹತ್ತಿತು, ಅತ್ತಿ. ಭಾಳ ಛಂದ ಹತ್ತಿತು. ಎಡಕ್ಕ ತಿಳೀಲಿಲ್ಲ. ನೋವಿನ ಕೂಡ ಅದೂ ಹೋಗ್ಯಾದ,” ಅಂದೆ. ಅನ್ನುತ್ತಲೂ ಅಳು ಒತ್ತರಿಸಿ ಬಂತು.

ಅತ್ತೆ ಎಡಗೈಯ ಬೆರಳುಗಳನ್ನು ರೂಢಿಯಂತೆ ತಮ್ಮ ಕಣತಲೆಗೆ ಒತ್ತಿ ಮುರಿದರು. ಬಲಗೈಯನ್ನು ತಮ್ಮ ಕಡೆ ಒಯ್ಯಲಿಲ್ಲ. ಅದನ್ನು ನನ್ನ ಎಡಗಿವಿಯ ಹತ್ತಿರ ತಂದು, ಪಕ್ಕದ ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದರು.

“ತಿಳೀಲಿಲ್ಲಂದ್ರ ಕೇಳು,” ಅಂದರು.

ಒಂದೊಂದಾಗಿ ಬೆರಳು ಮುರಿದರು. ನಾಲ್ಕೂ ಕೇಳಿದವು.